ನಡೆಯೋದು ಕಲಿಯಲು ಇಪ್ಪತ್ತೆಂಟು ದಿನ

ನಮ್ಮ ಮನೆಗೂ ಹೆಗ್ಡೇರ ಮನೆಗೂ ನಡುವೆ ಇರುವುದು ಒಂದು ದಾಸವಾಳದ ಬೇಲಿ. ಬೇಲಿ ಎನ್ನುವುದು ಹೆಸರಿಗೆ ಮಾತ್ರ. ಅದರ ನಡುವೆ ದಣಪೆ ಇದೆ, ದಣಪೆಯ ಮೇಲೆ ಮೊಣಕೈ ಊರಿ ನಿಂತರೆ ಹೆಗ್ಡೇರಿಗೆ ಕಾಫಿ ಆರಿದ್ದೂ ತಿಳಿಯುವುದಿಲ್ಲ. ಶ್ರಾವಣದ ಮಳೆ ಸ್ವಲ್ಪ ಹೊಳವಾದ ಬೆಳಗ್ಗೆ ಅಲ್ಲಿಂದಲೇ ಕೂಗಿದರು.

"ಏ ಮಾರಾಯ, ಇಲ್ಲಿ ಬಾ. ಪುಟ್ಟಿ ಅದೆಂಥದೋ ಬೆಟ್ಟ ಹತ್ತೋ ಕೋರ್ಸಿಗೆ ಹೋಗ್ತಾಳಂತೆ, ಉತ್ತರಕಾಶಿಗೆ. ನೀನೂ ಹಿಂದೆ ಹೋಗಿದ್ಯಲ್ಲ. ಅಲ್ಲಿ ಎಂಥ ಕಲಿಸ್ತಾರೆ?"

"ನಡೆಯೋದು" ಅಂದೆ.

"ಎಷ್ಟು ದಿನ?"

"ಇಪ್ಪತ್ತೆಂಟು."

"ನಡೆಯೋದು ಕಲಿಯಕ್ಕೆ ಇಪ್ಪತ್ತೆಂಟು ದಿನವಾ? ಅವಳು ಒಂಬತ್ತನೇ ತಿಂಗಳಿಗೇ ನಡೆದಿದ್ಲು ಮಾರಾಯ. ಮತ್ತೆಂಥ ಕಲಿಸ್ತಾರೆ?"

"ಬೀಳೋದು."

ಹೆಗ್ಡೇರು ಹಸಿರು ಪಾಚಿ ಕಟ್ಟಿದ ತಮ್ಮ ಅಂಗಳದ ಕಡೆ ಒಮ್ಮೆ ತಿರುಗಿ ನೋಡಿದರು. "ಅದನ್ನ ಇಲ್ಲೇ ಪುಕ್ಕಟೆ ಕಲೀಬಹುದಿತ್ತಲ್ಲ. ಮೊನ್ನೆ ನಮ್ಮನೆಯವಳು ಕಲಿತಾಯ್ತು. ಸೊಂಟ ಇನ್ನೂ ಹಿಡಿದುಕೊಂಡಿದೆ."

ಪುಟ್ಟಿ ಎಂದರೆ ಹೆಗ್ಡೇರ ಮೊಮ್ಮಗಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಇಪ್ಪತ್ತಾರು ವರ್ಷ, ಅಜ್ಜನ ಪಾಲಿಗೆ ಇನ್ನೂ ಪುಟ್ಟಿ. ಸೆಪ್ಟೆಂಬರಿನ ಬೇಸಿಕ್ ಕೋರ್ಸಿಗೆ ಅವಳಿಗೆ ಸೀಟು ಸಿಕ್ಕಿದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಅದಕ್ಕಿಂತ ಹಳೆಯದು ಡಾರ್ಜಿಲಿಂಗಿನದು, ತೇನ್‌ಸಿಂಗ್ ಎವರೆಸ್ಟ್ ಹತ್ತಿಳಿದ ಮರುವರ್ಷ, 1954ರಲ್ಲಿ ಆದದ್ದು. ನಾನು ಉತ್ತರಕಾಶಿಯ ನೀರು ಕುಡಿದು ಇಪ್ಪತ್ತು ವರ್ಷವಾಯಿತು. ಆ ಮೇಲೆ ನಾನು ಹತ್ತಿದ ಅತಿ ಎತ್ತರದ ಜಾಗ ನಮ್ಮ ಮನೆ ಅಟ್ಟ. ಆದರೂ ಹರಟೆಗೆ ಕೂತರೆ ಆ ತಿಂಗಳು ಇನ್ನೂ ಖರ್ಚಾಗಿಲ್ಲ.

ಮೊದಲ ವಾರ ಉತ್ತರಕಾಶಿಯ ಪಕ್ಕದ ತೇಖ್ಲಾದ ಬಂಡೆಗಳ ಮೇಲೆ ಕಳೆಯಿತು. ಅದನ್ನು ಹೇಳುವಂಥದ್ದೇನಿಲ್ಲ, ಬಂಡೆ ಹತ್ತುವುದನ್ನು ಮಂಗನೂ ಮಾಡುತ್ತದೆ. ಆಮೇಲೆ ಗಂಗೋತ್ರಿ ರಸ್ತೆಯಲ್ಲಿ ಭುಕ್ಕಿಯವರೆಗೆ ಬಸ್ಸು, ಅಲ್ಲಿಂದ ಬೆನ್ನಿಗೆ ಇಪ್ಪತ್ತು ಕಿಲೋ ಹೊರೆ ಹೊತ್ತು ತೇಲ್, ಗುಜ್ಜರ್ ಹಟ್ ಎನ್ನುತ್ತಾ ಕಾಡೇರು. ಕಡೆಗೆ ಹನ್ನೆರಡು ಸಾವಿರ ಅಡಿಗೂ ಮೇಲೆ ಡೋಕ್ರಿಯಾನಿ ಬಮಕ್. ಗಢವಾಲಿಯಲ್ಲಿ ಬಮಕ್ ಎಂದರೆ ಹಿಮನದಿ. ಹಿಮನದಿ ಎಂದರೆ ಕ್ಷೀರಸಾಗರ ಎಂದುಕೊಂಡು ಹೋದವನಿಗೆ ಎದುರಾದದ್ದು ಜಲ್ಲಿ ಕ್ರಷರ್. ಕಲ್ಲು, ಪುಡಿಗಲ್ಲು, ಕೆಸರು, ನಡುವೆ ಎಲ್ಲೋ ಆನೆಯ ಬೆನ್ನಿನಂತೆ ಬೂದು ಬಣ್ಣದ ಐಸು. "ಕಾಸು ಕೊಟ್ಟು ಇದಕ್ಕಾ ಬಂದದ್ದು" ಎಂದು ಆವತ್ತು ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಗ್ಗೆ ಕ್ರ್ಯಾಂಪಾನ್ ಹಂಚಿದರು.

"ಅದೆಂಥದು?" ಅಂದರು ಹೆಗ್ಡೇರು.

"ಬೂಟಿನ ಕೆಳಗೆ ಕಟ್ಟೋ ಉಕ್ಕಿನ ಹಲ್ಲು. ಒಂದೊಂದು ಕಾಲಿಗೆ ಹತ್ತೋ ಹನ್ನೆರಡೋ ಇರ್ತದೆ."

"ಓ, ಮುಳ್ಳಾವಿಗೆ ಅನ್ನು."

"ಮುಳ್ಳಾವಿಗೇಲಿ ಮುಳ್ಳು ಮೇಲಕ್ಕಿರ್ತದೆ ಹೆಗ್ಡೇರೆ, ಚುಚ್ಚೋದು ಸ್ವಾಮಿಗೆ. ಇದರಲ್ಲಿ ಮುಳ್ಳು ಕೆಳಕ್ಕೆ."

ಕೆಳಕ್ಕೆ ಎಂದು ನಾನೂ ನಂಬಿದ್ದೆ. ಮೊದಲ ದಿನವೇ ನನ್ನ ಮಳೆ ಪ್ಯಾಂಟಿನ ಎಡಗಾಲಿಗೆ ಮೂರು ತೂತು ಬಿತ್ತು. ಒಂದು ಕಾಲಿನ ಹಲ್ಲು ಇನ್ನೊಂದು ಕಾಲಿನ ಬಟ್ಟೆ ಕಚ್ಚಿದರೆ ಕತೆ ಮುಗಿಯಿತು, ಮೂಗು ಮುಂದೆ, ಉಳಿದದ್ದೆಲ್ಲ ಹಿಂದೆ. ಅದಕ್ಕೇ ಕಾಲಗಲಿಸಿ ನಡೆಯಬೇಕು. ಉಪನಯನದ ದಿನ ಮೊದಲ ಸಲ ಪಂಚೆ ಉಟ್ಟ ಹುಡುಗ ನಡೆಯುತ್ತಾನಲ್ಲ, ಹಾಗೆ. ಬಕಲ್ ಹೊರಮಗ್ಗುಲಿಗೆ ಬರಬೇಕು, ಪಟ್ಟಿಯ ತುದಿ ನೇತಾಡಬಾರದು. ನಾನು ಎಡದ್ದನ್ನು ಬಲಕ್ಕೆ ಕಟ್ಟಿದ್ದೆ. ಉಸ್ತಾದರು ಬಂದು ನೋಡಿದರು, ಏನೂ ಹೇಳಲಿಲ್ಲ. ಪೂರ್ತಿ ಬಿಚ್ಚಿ ಮತ್ತೆ ಕಟ್ಟುವವರೆಗೆ ಪಕ್ಕದಲ್ಲೇ ನಿಂತಿದ್ದರು. ಆ ಚಳಿಯಲ್ಲಿ ಕೈಗವಸು ತೆಗೆದು ಬಕಲ್ ಬಿಚ್ಚುವುದೇ ದೊಡ್ಡ ದಂಡ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಲ್ಲಿ ಕಲಿಸುವವರನ್ನು ಉಸ್ತಾದ್ ಅನ್ನುತ್ತಾರೆ. ನಮ್ಮವರು ಗಢವಾಲದವರು, ಕುಳ್ಳು, ಮಾತು ಕಡಿಮೆ. ಆ ದರೆಯ ಮೇಲೆ ಕೈ ಹಿಂದೆ ಕಟ್ಟಿಕೊಂಡು, ಅಡಿಕೆ ತೋಟದ ಕಪ್ಪಿನ ಬದಿಯಲ್ಲಿ ಯಜಮಾನರು ಅಡ್ಡಾಡುವಂತೆ ಅಡ್ಡಾಡುತ್ತಿದ್ದರು.

ಕಷ್ಟ ಶುರುವಾದದ್ದು ಆಮೇಲೆ. ಮಲೆನಾಡಿನವನಿಗೆ ಜಾರುವ ನೆಲ ಹೊಸದಲ್ಲ. ಸಂಕ ದಾಟಿದ್ದೇವೆ, ಪಾಚಿಗಟ್ಟಿದ ಮೆಟ್ಟಿಲು ಇಳಿದಿದ್ದೇವೆ. ಜಾರುವಲ್ಲಿ ಏನು ಮಾಡುತ್ತೇವೆ? ಹೆಬ್ಬೆರಳು ಒತ್ತಿ, ಪಾದದ ಒಂದು ಅಂಚು ಊರಿ, ಮೈಯನ್ನು ದರೆಯ ಕಡೆಗೆ ವಾಲಿಸಿ, ಸಾಧ್ಯವಾದರೆ ಒಂದು ಕೈಯಲ್ಲಿ ಗಿಡ ಹಿಡಿದುಕೊಳ್ಳುತ್ತೇವೆ. ಇಷ್ಟನ್ನೂ ಐಸಿನ ಮೇಲೆ ಮಾಡಬಾರದು. ಪಾದದ ಅಂಚು ಊರಿದರೆ ಅರ್ಧ ಹಲ್ಲು ಗಾಳಿಯಲ್ಲಿ, ಉಳಿದರ್ಧ ಐಸಿನಲ್ಲಿ. ದರೆಗೆ ವಾಲಿದರೆ ಭಾರ ಪಾದದ ಮೇಲಿಂದ ತಪ್ಪಿ ಹಲ್ಲು ಕಿತ್ತು ಬರುತ್ತದೆ. ಪಾದವನ್ನು ಇಳಿಜಾರಿಗೆ ಸಪಾಟಾಗಿ, ರೊಟ್ಟಿ ತಟ್ಟಿದಂತೆ ಇಡಬೇಕು, ಅಷ್ಟೂ ಹಲ್ಲು ಒಟ್ಟಿಗೆ ಕಚ್ಚಬೇಕು, ಮೈ ನೆಟ್ಟಗಿರಬೇಕು. ಬಾಗಬೇಕಾದದ್ದು ಹರಡು ಮಾತ್ರ. ಇಳಿಜಾರು ಕಡಿದಾದ ಹಾಗೆ ಪಾದದ ತುದಿ ಅಡ್ಡಕ್ಕೆ ತಿರುಗುತ್ತದೆ, ಇನ್ನೂ ಕಡಿದಾದರೆ ಕೆಳಗಿನ ಕಡೆಗೇ. ಮೇಲೆ ಹೋಗುವವನ ಪಾದ ಕೆಳಗೆ ನೋಡುತ್ತಿರುತ್ತದೆ. ಭೂತದ ಕಾಲು ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಇದು ಫ್ರೆಂಚರ ಪದ್ಧತಿಯಂತೆ. ನನ್ನ ಹರಡು ಫ್ರೆಂಚರದ್ದಲ್ಲ. ಎರಡು ದಿನ ಅಳುತ್ತಿತ್ತು.

"ನಮ್ಮ ಕೊನೆಗೌಡ ಮಳೇಲಿ ಮರ ಹತ್ತಲ್ವಾ?" ಅಂದರು ಹೆಗ್ಡೇರು. "ಕೊಳೆ ಮದ್ದು ಹೊಡೆಯೋಕೆ ಜಾರೋ ಮರಾನೇ ಹತ್ತಬೇಕು. ಕಾಲಿಗೊಂದು ತಳೆ, ಅಷ್ಟೆ."

ಹೆಗ್ಡೇರು ಹೇಳಿದ್ದು ಸರಿಯಾಗಿ ನಾಟಿತು. ಕೊನೆಗೌಡ ತಳೆಯ ಮೇಲೆ ಇಡೀ ಮೈ ಬಿಟ್ಟು ನಿಲ್ಲುತ್ತಾನೆ. ಅರೆಮನಸ್ಸಿನಲ್ಲಿ ನಿಂತರೆ ತಳೆ ಬಿಗಿಯುವುದೇ ಇಲ್ಲ, ಜಾರುತ್ತದೆ. ನಾನು ಮೂರು ದಿನ ಮಾಡಿದ್ದು ಆ ಅರೆಮನಸ್ಸಿನ ನಡಿಗೆ. ಮೊಟ್ಟೆಯ ಮೇಲೆ ಕಾಲಿಟ್ಟಂತೆ ಮೆಲ್ಲಗೆ ಇಡುತ್ತಿದ್ದೆ, ಮೆಲ್ಲಗಿಟ್ಟದ್ದಕ್ಕೇ ಜಾರುತ್ತಿತ್ತು. ಉಸ್ತಾದರು ಆ ತಿಂಗಳಲ್ಲಿ ನನಗೆಂದೇ ಆಡಿದ ಒಂದೇ ಉದ್ದ ಮಾತು, "ಭಾರ ಹಾಕು. ನೀನು ಹೆದರಿದಷ್ಟೂ ಹಗುರಾಗುತ್ತೀಯ, ಹಗುರಾದಷ್ಟೂ ಜಾರುತ್ತೀಯ." ಹಿಂದಿಯಲ್ಲಿ ಹೇಳಿದ್ದು. ನಾಲ್ಕನೇ ದಿನ ಕಾಲು ಧಪ್ಪೆಂದು ಊರಿದೆ. ಕರ್ರ್ ಎಂದು ಹಲ್ಲು ಇಳಿಯಿತು. ಎಳೆ ಸೌತೆಕಾಯಿ ಕಚ್ಚಿದ ಸದ್ದು. ಆ ಸದ್ದು ಬಂದರೆ ಕಾಲು ನಿಂತಿತು ಎಂದು ಲೆಕ್ಕ. ಟಣ್ ಎಂದರೆ ಕೆಳಗೆ ಕಲ್ಲಿದೆ, ಅಥವಾ ಐಸು ಹಪ್ಪಳದಂತೆ ಏಳುತ್ತಿದೆ. ಕಣ್ಣಿಗಿಂತ ಕಿವಿಯಲ್ಲಿ ನಡೆಯುವುದನ್ನು ನಾನು ಕಲಿತದ್ದು ಅಲ್ಲೇ.

ನೆಟ್ಟಗಿನ ಗೋಡೆಗೆ ಮುಂದಿನ ಎರಡು ಹಲ್ಲಿನ ಆಟ. ಒಂದೇ ಒದೆತ, ಹಿಮ್ಮಡಿ ತಗ್ಗಿಸಿ ನಿಲ್ಲಬೇಕು. ಹಿಮ್ಮಡಿ ಎತ್ತಿದರೆ ಹಲ್ಲು ಕಳಚುತ್ತದೆ. ಐದು ನಿಮಿಷಕ್ಕೆ ಮೀನಖಂಡ ಗಡಗಡ ನಡುಗಲು ಶುರು. ನಮ್ಮ ಗುಂಪಿನಲ್ಲಿ ಅದಕ್ಕೆ ಹೊಲಿಗೆ ಮಿಷನ್ ಎಂದು ಹೆಸರಿಟ್ಟಿದ್ದೆವು. ಯಾರದ್ದಾದರೂ ಶುರುವಾದರೆ ಕೆಳಗಿಂದ, "ಎರಡು ಜುಬ್ಬಾ, ಒಂದು ಲಂಗ" ಎಂದು ಆರ್ಡರು ಕೊಡುವವರು.

ಈ ಮುಂದಿನ ಹಲ್ಲಿನದು ದೊಡ್ಡ ಕತೆ. ಮೊದಲೆಲ್ಲ ಯುರೋಪಿನ ಗೈಡುಗಳು ಐಸನ್ನು ಕಡಿದು ಮೆಟ್ಟಿಲು ಮಾಡಿಕೊಂಡೇ ಹತ್ತುತ್ತಿದ್ದರು. ಒಂದು ಬೆಟ್ಟಕ್ಕೆ ನೂರಾರು ಮೆಟ್ಟಿಲು, ಕೆರೆ ತೋಡಿದಷ್ಟು ಕೆಲಸ. 1908ರಲ್ಲಿ ಆಸ್ಕರ್ ಎಕೆನ್‌ಸ್ಟೈನ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಹತ್ತು ಹಲ್ಲಿನ ನಕ್ಷೆ ಮಾಡಿದ. ಇಟಲಿಯ ಕೂರ್ಮಾಯೋರಿನಲ್ಲಿ ಗ್ರಿವೆಲ್ ಎಂಬ ಕಮ್ಮಾರ ಅದನ್ನು ಕಾಸಿ ಬಡಿದುಕೊಟ್ಟ. ಅದೇ ಗ್ರಿವೆಲ್ ಮನೆತನದವರು 1929ರಲ್ಲಿ ಮುಂದಕ್ಕೆ ಚಾಚಿದ ಎರಡು ಹಲ್ಲು ಸೇರಿಸಿದರು. ಇದರ ಬೆಲೆ ಗೊತ್ತಾದದ್ದು 1938ರ ಜುಲೈಯಲ್ಲಿ, ಸ್ವಿಟ್ಜರ್ಲೆಂಡಿನ ಐಗರ್ ಬೆಟ್ಟದ ಉತ್ತರದ ಗೋಡೆಯಲ್ಲಿ. ಹೈನ್ರಿಖ್ ಹಾರರ್ ಕ್ರ್ಯಾಂಪಾನನ್ನೇ ತಂದಿರಲಿಲ್ಲ. ಅವನ ಜೊತೆಗಾರ ಕಾಸ್ಪರೆಕನದು ಹತ್ತು ಹಲ್ಲಿನದು. ಇಬ್ಬರೂ ಗಂಟೆಗಟ್ಟಲೆ ಮೆಟ್ಟಿಲು ಕಡಿಯುತ್ತಾ ಮೇಲೇರುತ್ತಿದ್ದರೆ, ಹಿಂದಿನಿಂದ ಹೊರಟ ಹೆಕ್‌ಮೈರ್ ಮತ್ತು ಫೋರ್ಗ್ ಹನ್ನೆರಡು ಹಲ್ಲಿನವರು, ಅದೇ ದಾರಿಯಲ್ಲಿ ಬಂದು ಹಿಡಿದೇಬಿಟ್ಟರು. ಕಡೆಗೆ ನಾಲ್ವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ತುದಿ ಮುಟ್ಟಿದರು. ಆ ಹಾರರ್ ಮುಂದೆ ಯುದ್ಧದ ಕಾಲಕ್ಕೆ ಡೆಹ್ರಾಡೂನಿನಲ್ಲಿ ಬ್ರಿಟಿಷರ ಸೆರೆಯಲ್ಲಿದ್ದು, 1944ರಲ್ಲಿ ತಪ್ಪಿಸಿಕೊಂಡು ಟಿಬೆಟ್ಟಿಗೆ ಓಡಿದ್ದು ಇದೇ ಭಾಗೀರಥಿಯ ಕಣಿವೆ ಹಿಡಿದು. ನಮ್ಮ ಬಸ್ಸು ವಾಂತಿ ಮಾಡಿಸಿದ ತಿರುವುಗಳಲ್ಲಿ ಅವನು ರಾತ್ರಿ ನಡೆದಿದ್ದಾನೆ.

"ಆಯ್ತು, ಕಾಲಿಗೆ ಹಲ್ಲಾಯ್ತು. ಕೈಗೆ?"

"ಐಸ್ ಆಕ್ಸ್."

ಹೆಗ್ಡೇರ ಕಣ್ಣು ಮಿಂಚಿತು. "ಟ್ರಾಟ್‌ಸ್ಕಿಗೆ ಹೊಡೆದದ್ದು!"

ಶಾಂತವೇರಿ ಗೋಪಾಲಗೌಡರ ಭಾಷಣ ಕೇಳಿ ಬೆಳೆದ ಹಳೇ ಸಮಾಜವಾದಿ ಅವರು. ಹಿಮ ಕಂಡವರಲ್ಲ, ಆದರೆ 1940ರ ಆಗಸ್ಟಿನಲ್ಲಿ ಮೆಕ್ಸಿಕೋದಲ್ಲಿ ಕೊಲೆಗಾರ ಹಿಡಿ ಗಿಡ್ಡ ಮಾಡಿದ ಐಸ್ ಆಕ್ಸನ್ನು ಕೋಟಿನಲ್ಲಿ ಬಚ್ಚಿಟ್ಟು ತಂದದ್ದು ಮೊನ್ನೆ ನಡೆದಂತೆ ಹೇಳುತ್ತಾರೆ. ಆ ದಾರಿಗೆ ಬಿದ್ದರೆ ಸ್ಟಾಲಿನ್ ಬರುತ್ತಾನೆ, ಸ್ಟಾಲಿನ್ ಬಂದರೆ ಮಧ್ಯಾಹ್ನವಾಗುತ್ತದೆ. ಬೇಗ ಅವರ ಕೊಟ್ಟಿಗೆ ಗೋಡೆಗೆ ಒರಗಿಸಿದ್ದ ಪಿಕಾಸಿ ತರಿಸಿದೆ.

ಐಸ್ ಆಕ್ಸಿನ ತಲೆಯ ಒಂದು ಕಡೆ ಇಂಥ ಪಿಕಾಸಿಯ ಮೂತಿ, ಇನ್ನೊಂದು ಕಡೆ ಪುಟ್ಟ ಗುದ್ದಲಿಯ ಅಲಗು, ಹಿಡಿಯ ಬುಡದಲ್ಲಿ ಹಾರೆಯಂಥ ಚೂಪು, ನಡೆಯುವಾಗ ಊರುಗೋಲು. ನಾಲ್ಕು ಆಳಿನ ಕೆಲಸ ಒಂದೇ ಸಲಕರಣೆಗೆ. ಯಾವಾಗಲೂ ದರೆಯ ಕಡೆಯ ಕೈಯಲ್ಲಿ ಇರಬೇಕು. ಅಡ್ಡದಾರಿಯಲ್ಲಿ ತಿರುವು ಬಂದಾಗಲೆಲ್ಲ ಕೈ ಬದಲಿಸಬೇಕು, ಹಾಗೆ ಬದಲಿಸುವ ಗಳಿಗೆಯೇ ಹೆಚ್ಚು ಜನ ಬೀಳುವ ಗಳಿಗೆ. ಮೊದಲು ಆಕ್ಸ್ ಊರು, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ದಿನವಿಡೀ ಇದೇ ಜಪ. ರಾತ್ರಿ ಟೆಂಟಿನಲ್ಲಿ ಒಬ್ಬ ನಿದ್ದೆಗಣ್ಣಿನಲ್ಲಿ ಮೂತ್ರಕ್ಕೆ ಎದ್ದವನು ಟಾರ್ಚನ್ನು ನೆಲಕ್ಕೆ ಊರಿ ಊರಿ ಹೋಗುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮತ್ತೆ ಬೀಳುವ ಪಾಠ. ಅದನ್ನು ಹಿಮದ ಇಳಿಜಾರಿನಲ್ಲಿ ಕ್ರ್ಯಾಂಪಾನ್ ಬಿಚ್ಚಿಸಿ ಕಲಿಸುತ್ತಾರೆ, ಕೆಳಗೆ ಕಲ್ಲಿಲ್ಲದ, ತಾನಾಗಿ ನಿಲ್ಲುವ ಜಾಗ ನೋಡಿ. ಕೂತು ಜಾರುವುದು ಸುಲಭ. ಬೋರಲು ಮಲಗಿ ತಲೆ ಮುಂದಾಗಿ ಜಾರುವುದು ಅದಕ್ಕಿಂತ ಕಷ್ಟ. ಅಂಗಾತ ಮಲಗಿ, ತಲೆ ಕೆಳಗಾಗಿ, ಆಕಾಶ ನೋಡುತ್ತಾ ಜಾರುವುದು ಎಂದರೆ ಮಾತ್ರ ಹಡೆದವ್ವ ನೆನಪಾಗುತ್ತಾಳೆ. ಒಂದು ಕೈ ಆಕ್ಸಿನ ತಲೆಯ ಮೇಲೆ, ಹೆಬ್ಬೆರಳು ಅಲಗಿನ ಕೆಳಗೆ. ಇನ್ನೊಂದು ಕೈ ಹಿಡಿಯ ಬುಡದಲ್ಲಿ, ಆ ಚೂಪು ತೊಡೆಗೆ ಹೊಗದ ಹಾಗೆ. ಆಕ್ಸ್ ಎದೆಗೆ ಅಡ್ಡಲಾಗಿ ಕೋರೆಯಾಗಿರಬೇಕು. ಆಕ್ಸಿನ ತಲೆ ಇರುವ ಮಗ್ಗುಲಿಗೇ ಹೊರಳಬೇಕು. ಇನ್ನೊಂದು ಕಡೆ ಹೊರಳಿದರೆ ಬುಡದ ಚೂಪು ಮೊದಲು ಹಿಮಕ್ಕೆ ಸಿಕ್ಕಿ ಆಕ್ಸ್ ಕೈಯಿಂದಲೇ ಹಾರುತ್ತದೆ. ಹೊರಳಿ, ಎದೆಯ ಭಾರವನ್ನೆಲ್ಲ ಮೂತಿಯ ಮೇಲೆ ಹಾಕಿ, ಮುಖವನ್ನು ಹಿಮಕ್ಕೆ ಒತ್ತಬೇಕು. ಕಾಲಿಗೆ ಹಲ್ಲಿದ್ದರೆ ಪಾದ ಮೇಲಕ್ಕೆತ್ತಿರಬೇಕು. ವೇಗದಲ್ಲಿ ಹಲ್ಲು ಕಚ್ಚಿದರೆ ಹರಡು ಮುರಿಯಬಹುದು, ಇಲ್ಲವೇ ಲಾಗ ಹೊಡೆಯಬೇಕಾದೀತು.

ಇಷ್ಟನ್ನು ಹೇಳಲು ನನಗೆ ಎರಡು ನಿಮಿಷ ಹಿಡಿಯಿತು. ಮಾಡಲು ಸಿಗುವುದು ಎರಡು ಸೆಕೆಂಡು. ಮೂರನೆಯ ಸೆಕೆಂಡಿಗೆ ವೇಗ ನಮ್ಮ ಕೈ ಮೀರಿರುತ್ತದೆ. ಹಾಗಾಗಿ ಬುದ್ಧಿಗೆ ಅಲ್ಲಿ ಕೆಲಸವಿಲ್ಲ. ಮೈಗೆ ಬಾಯಿಪಾಠವಾಗಬೇಕು, ಮಗ್ಗಿಯ ಹಾಗೆ. ಉಸ್ತಾದರು ನಡೆಯುತ್ತಿದ್ದವನನ್ನು ಹೇಳದೆ ಕೇಳದೆ ನೂಕುತ್ತಿದ್ದರು. ಊಟಕ್ಕೆ ಹೊರಟಾಗ ನೂಕಿದ್ದೂ ಉಂಟು. ಅಂಗಿಯ ಕೊರಳಿನಿಂದ ಹಿಮ ಇಳಿದು ಸೊಂಟದಲ್ಲಿ ನೀರಾಗುವುದನ್ನು ದಿನಕ್ಕೆ ಇಪ್ಪತ್ತು ಸಲ ಅನುಭವಿಸಿದೆ. ಇಷ್ಟೆಲ್ಲ ಕಲಿಸಿದ ಮೇಲೆ ಕಡೆಯ ದಿನ ಹೇಳಿದ್ದು: ಗಟ್ಟಿ ಐಸಿನ ಮೇಲೆ ಇದು ಯಾವುದೂ ನಡೆಯುವುದಿಲ್ಲ, ಅಲ್ಲಿ ಜಾರಲೇಬಾರದು.

ಹಗ್ಗ ತುಳಿಯಬಾರದು ಎನ್ನುವುದು ಇನ್ನೊಂದು ಕಟ್ಟಳೆ. ಹನ್ನೆರಡು ಉಕ್ಕಿನ ಹಲ್ಲು ಹಗ್ಗದ ಮೇಲೆ ಬಿದ್ದರೆ ಒಳಗಿನ ಎಳೆ ಹರಿದದ್ದು ಹೊರಗೆ ಕಾಣುವುದೂ ಇಲ್ಲ. ತುಳಿದವರಿಗೆ ದಂಡ. ನಾನು ತುಳಿದಾಗ ಗಾಬರಿಯಲ್ಲಿ, ಪುಸ್ತಕ ತುಳಿದವನ ಹಾಗೆ, ಹಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಉಸ್ತಾದರು ಮೊದಲ ಸಲ ನಕ್ಕರು. ದಂಡ ಮಾತ್ರ ಬಿಡಲಿಲ್ಲ.

ಹೆಗ್ಡೇರು ಪಿಕಾಸಿ ಎದೆಗಡ್ಡ ಹಿಡಿದು ನೋಡುತ್ತಾ, "ಇಷ್ಟಕ್ಕೆ ಒಬ್ಬ ಮನುಷ್ಯ ನಿಲ್ತಾನಾ?" ಅಂದರು. ನಾನು 1953ರ ಕೆ2 ಕತೆ ಹೇಳಿದೆ. ಏಳು ಸಾವಿರ ಮೀಟರಿಗೂ ಮೇಲೆ, ಬಿರುಗಾಳಿಯಲ್ಲಿ, ಖಾಯಿಲೆ ಬಿದ್ದ ಗೆಳೆಯನೊಬ್ಬನನ್ನು ಮೂಟೆಯಂತೆ ಕಟ್ಟಿ ಇಳಿಸುತ್ತಿದ್ದಾಗ ಅಮೆರಿಕದ ತಂಡದವನೊಬ್ಬ ಜಾರಿದ. ಹಗ್ಗಕ್ಕೆ ಹಗ್ಗ ತೊಡಕಿ ಐದು ಜನ ಹೊರಟರು. ಪೀಟ್ ಶೋನಿಂಗ್ ಎಂಬ ಇಪ್ಪತ್ತಾರರ ಹುಡುಗ ಆಕ್ಸನ್ನು ಬಂಡೆಯ ಹಿಂದೆ ಹಿಮಕ್ಕೆ ಊರಿ, ಹಗ್ಗವನ್ನು ಅದಕ್ಕೂ ತನ್ನ ಮೈಗೂ ಸುತ್ತಿ ಹಿಡಿದಿದ್ದ. ಅಷ್ಟೂ ಜನ ನಿಂತರು. ಮರದ ಹಿಡಿಯ ಆ ಆಕ್ಸ್ ಈಗ ಅಮೆರಿಕದ ಒಂದು ಮ್ಯೂಸಿಯಮ್ಮಿನಲ್ಲಿದೆ.

"ಅವಳೂ ಇಪ್ಪತ್ತಾರೇ" ಎಂದರು ಹೆಗ್ಡೇರು.

ಅಷ್ಟು ಹೊತ್ತಿಗೆ ಸೊಂಟ ಹಿಡಿದುಕೊಂಡು ಅಮ್ಮ ಜಗುಲಿಗೆ ಬಂದರು. ಹೆಗ್ಡೇರ ಹೆಂಡತಿಯನ್ನು ನಾವೆಲ್ಲ ಅಮ್ಮ ಅನ್ನುವುದು. ಹಾಸ್ಯಕ್ಕೆಲ್ಲ ಅವರು ಬಗ್ಗುವವರಲ್ಲ. "ಆವತ್ತು ಟೀವೀಲಿ ಬಂತಲ್ಲ, ಹಿಮ ಕುಸಿದು ಮಕ್ಕಳು ಹೋದದ್ದು. ಅದೇ ಜಾಗವಾ?"

ಅದೇ ಜಾಗ. 2022ರ ಅಕ್ಟೋಬರ್ 4, ದ್ರೌಪದಿ ಕಾ ಡಾಂಡಾ. ಡೋಕ್ರಿಯಾನಿಯ ನೆತ್ತಿಯಲ್ಲೇ ಇರುವ ಶಿಖರ. ಅಡ್ವಾನ್ಸ್ ಕೋರ್ಸಿನವರು ತುದಿಯ ಹತ್ತಿರ ಇದ್ದಾಗ ಹಿಮದ ಹಾಳೆ ಕಳಚಿತು. ಇಪ್ಪತ್ತೊಂಬತ್ತು ಜನ. ಅದೇ ವರ್ಷ ಮೇ ತಿಂಗಳಲ್ಲಿ ಎವರೆಸ್ಟನ್ನೂ ಮಕಾಲುವನ್ನೂ ಹತ್ತಿಬಂದಿದ್ದ ಸವಿತಾ ಕಂಸ್ವಾಲ್ ಕಲಿಸುವವರಾಗಿ ಹೋಗಿದ್ದರು, ಅವರೂ ಉಳಿಯಲಿಲ್ಲ. ನಾನು ಅಮ್ಮನಿಗೆ ಹೌದು ಅಂದೆ. ಬೇಸಿಕ್ಕಿನವರು ಅಷ್ಟು ಮೇಲಕ್ಕೆ ಹೋಗುವುದಿಲ್ಲ, ಕೆಳಗಿನ ಐಸಿನಲ್ಲೇ ಅವರ ಪಾಠ ಎಂದೂ ಅಂದೆ. ಮೇಲಿಂದ ದರೆಯೇ ಬಂದರೆ ಆಕ್ಸಿನಿಂದ ಏನೂ ಆಗುವುದಿಲ್ಲ ಎನ್ನುವುದನ್ನು ಮುಚ್ಚಿಡಲಿಲ್ಲ. ನಮ್ಮಲ್ಲೂ ಗುಡ್ಡ ಕುಸಿಯುತ್ತದೆ, ಅಮ್ಮನಿಗೆ ಅದು ಗೊತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಲ್ಲಿ ತಿಂಡಿ ಎಂಥ ಕೊಡ್ತಾರೆ?" ಅಂದರು ಅಮ್ಮ ಕಡೆಗೆ. ಒಪ್ಪಿಗೆ ಕೊಟ್ಟರು ಎಂದು ಅರ್ಥ.

ಪುಟ್ಟಿಗೆ ನನಗಿಂತ ನಡಿಗೆ ಜಾಸ್ತಿ. ಡೆಹ್ರಾಡೂನಿನ ವಾಡಿಯಾ ಸಂಸ್ಥೆಯವರು ವರ್ಷಗಟ್ಟಲೆ ಅಳೆಯುತ್ತಿರುವ ಹಿಮನದಿ ಈ ಡೋಕ್ರಿಯಾನಿ. 1962ರಿಂದ 1995ರ ನಡುವೆ ಅದರ ಮೂತಿ ಐನೂರೈವತ್ತು ಮೀಟರ್ ಹಿಂದೆ ಸರಿದಿತ್ತು, ವರ್ಷಕ್ಕೆ ಹದಿನಾರು ಹದಿನೇಳು ಮೀಟರ್. ಆಮೇಲೂ ನಿಂತಿಲ್ಲ. ನಾನು ಟಣ್ ಅನ್ನಿಸಿದ ಜಾಗಕ್ಕೂ ಅವಳು ಕರ್ರ್ ಅನ್ನಿಸುವ ಜಾಗಕ್ಕೂ ನಡುವೆ ಎಷ್ಟು ಕಲ್ಲು ಬಂದಿದೆಯೋ, ಬಂದ ಮೇಲೆ ಅವಳನ್ನೇ ಕೇಳಬೇಕು.

ಶನಿವಾರ ಅವಳೇ ಬೇಲಿಯ ಹತ್ತಿರ ಬಂದಳು. "ಮಾವ, ಏನೇನು ತಗೊಂಡು ಹೋಗ್ಲಿ?" ಕೈಯಲ್ಲಿ ಫೋನು, ಅದರಲ್ಲಿ ಉದ್ದದ ಪಟ್ಟಿ. ಕನ್ನಡಕ, ಕೈಗವಸು, ಉಣ್ಣೆಯ ಕಾಲುಚೀಲ, ಬಿಸಿಲಿಗೆ ಹಚ್ಚುವ ಮುಲಾಮು, ಎಲ್ಲ ಇತ್ತು. ನಾನು ಸೇರಿಸಿದ್ದು ಒಂದೇ. ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಹೊರಟಿದ್ದರೆ ನಿಮಗೂ ಅದೇ ಮಾತು. ಹೊರಡುವ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿಕೊಳ್ಳಿ. ಆ ಗಟ್ಟಿ ಬೂಟಿನಲ್ಲಿ ಇಳಿಯುವಾಗ ಬೆರಳು ಮುಂದಕ್ಕೆ ಗುದ್ದುತ್ತಲೇ ಇರುತ್ತದೆ. ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಭುಕ್ಕಿಯಲ್ಲೇ ಉದುರಿತು, ಮತ್ತೆ ಪೂರ್ತಿ ಬರಲು ಒಂದು ವರ್ಷ ಹಿಡಿಯಿತು.